ಬಾಟಲಿ ಹೋಯಿತು, ಉತ್ತರ ಬಂತೇನು?

(ಮಂಠಾಳದ ಕಲಿಕಾ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಹೊಲದ ಕೆಲಸ ಮುಗಿಸಿದ್ದೀರಿ. ರೊಟ್ಟಿ ಬಡಿದಿಟ್ಟು ಬಂದಿದ್ದೀರಿ. ನಿಮ್ಮನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಇವತ್ತು ನೀರಿನ ಮಾತು ಆಡೋಣ.

ಮನೆಗೆ ನೀರು ತರುವವರು ನೀವು. ಕೊಡ ತೊಳೆದು ತುಂಬಿಡುವವರು ನೀವು. ಮಗುವಿಗೆ ವಾಂತಿ ಭೇದಿ ಆದರೆ ರಾತ್ರಿ ಎದ್ದು ಕೂಡುವವರೂ ನೀವೇ. ಆದ್ದರಿಂದ ನೀರಿನ ಮಾತು ಮೊದಲು ನಿಮ್ಮ ಮುಂದೆಯೇ ಆಡಬೇಕು.

ಶಾಲೆಯ ಮಕ್ಕಳಿಗೆ ಪರೀಕ್ಷೆ ಇದೆ. ಕಲಿಕಾ ಕೇಂದ್ರದಲ್ಲಿ ನಿಮಗೂ ಪರೀಕ್ಷೆ ಇದೆ. ಹಾಗೆಯೇ ನೀರಿಗೂ ಒಂದು ಪರೀಕ್ಷೆ ಇದೆ. ಅದು ನಡೆಯುವ ಜಾಗಕ್ಕೆ ಪ್ರಯೋಗಾಲಯ ಅನ್ನುತ್ತಾರೆ. ಎಲ್ಲರ ಬಾಯಲ್ಲಿ ಅದು ಲ್ಯಾಬ್. ಈ ಲ್ಯಾಬ್ ಕಟ್ಟಲು ಏನು ಬೇಕು? ಅದನ್ನು ನಡೆಸುವುದು ಹೇಗೆ? ಅದರಲ್ಲಿ ನಮ್ಮ ಕೆಲಸ ಏನು? ಈ ಮೂರು ಪ್ರಶ್ನೆಗೆ ಉತ್ತರ ಹುಡುಕೋಣ.

ಕಣ್ಣಿಗೆ ಕಾಣದ್ದು

ನಾವು ನೀರಿನ ಮಾತು ತೆಗೆದಾಗ ಯಾರಾದರೂ ಒಬ್ಬ ಅಕ್ಕ ಹೇಳುತ್ತಾರೆ: "ನಮ್ಮ ಬೋರಿನ ನೀರು ಕನ್ನಡಿ ಇದ್ದಂಗ ಅದ್ರಿ. ಅದಕ್ಕ ಯಾಕ ಪರೀಕ್ಷಾ?"

ಅವರ ಮಾತು ಸುಳ್ಳಲ್ಲ. ನೀರನ್ನು ನೀವು ದಿನಾಲು ಪರೀಕ್ಷೆ ಮಾಡುತ್ತೀರಿ. ರಾಡಿ ಇದ್ದರೆ ಕಣ್ಣಿಗೆ ಕಾಣುತ್ತದೆ. ಸವಳು ಇದ್ದರೆ ನಾಲಿಗೆಗೆ ಗೊತ್ತಾಗುತ್ತದೆ. ಬ್ಯಾಳಿ ಬೇಯದಿದ್ದರೆ, ಸಾಬೂನು ನೊರೆ ಬಿಡದಿದ್ದರೆ, ನೀರು ಗಡಸು ಅಂತ ನೀವೇ ಹೇಳುತ್ತೀರಿ. ಇದು ನಮ್ಮ ಅಜ್ಜಿಯರು ಕಲಿಸಿದ ಪರೀಕ್ಷೆ. ಇದು ಬೇಕೇ ಬೇಕು.

ಆದರೆ ಕಣ್ಣು, ಮೂಗು, ನಾಲಿಗೆಗೆ ಸಿಗದ ವಸ್ತುಗಳೂ ನೀರಿನಲ್ಲಿ ಇರುತ್ತವೆ. ಭೇದಿ ತರುವ ರೋಗಾಣು ಕಾಣುವುದಿಲ್ಲ. ಹಲ್ಲು ಹಳದಿ ಮಾಡಿ, ಬೆನ್ನು ಬಗ್ಗಿಸುವ ಫ್ಲೋರೈಡ್‌ಗೆ ರುಚಿ ಇಲ್ಲ. ತಿಪ್ಪೆಯಿಂದ, ಗೊಬ್ಬರದಿಂದ, ಪಾಯಖಾನೆ ಗುಂಡಿಯಿಂದ ಇಳಿಯುವ ನೈಟ್ರೇಟ್‌ಗೆ ಬಣ್ಣ ಇಲ್ಲ.

ನಮ್ಮ ಕಲ್ಯಾಣ ಕರ್ನಾಟಕದ್ದೇ ಒಂದು ಸಂಗತಿ ಕೇಳಿರಿ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಅಂತ ಒಂದು ತಾಂಡಾ ಇದೆ. ಅಲ್ಲಿನ ಜನರ ಕೈ ಕಾಲಿನ ಚರ್ಮ ಗಂಟು ಗಂಟಾಯಿತು. ಮೈಮೇಲೆ ಕಪ್ಪು ಚುಕ್ಕೆ ಬಿದ್ದವು. ನೀರು ನೋಡಲು ತಿಳಿಯಾಗಿಯೇ ಇತ್ತು. ಪರೀಕ್ಷೆ ಮಾಡಿದ ಮೇಲೆ ಕಾರಣ ಗೊತ್ತಾಯಿತು. ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಆ ಭಾಗದ ನೆಲದಲ್ಲಿ ಚಿನ್ನದ ಅದಿರಿನ ಬಂಡೆಗಳಿವೆ. ವಿಷ ಆ ಬಂಡೆಯಿಂದ ಬಂದದ್ದು. 2013ರಲ್ಲಿ ವಿಜ್ಞಾನಿಗಳು ಇದನ್ನು ಬರೆದು ಪ್ರಕಟಿಸಿದರು.

ಆ ತಾಂಡಾದ ತಾಯಂದಿರೂ ನಿಮ್ಮ ಹಾಗೆಯೇ ಕೊಡ ತಿಕ್ಕಿ ತೊಳೆದು, ಅರಿವೆ ಕಟ್ಟಿ ಸೋಸಿ ನೀರು ತುಂಬಿದವರು. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಆದರೆ ಅರಿವೆಯಲ್ಲಿ ಸೋಸಿದರೆ ಆ ವಿಷ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಅದು ಇದೆಯೋ ಇಲ್ಲವೋ ಅಂತ ಹೇಳಲು ಲ್ಯಾಬ್ ಬೇಕು.

ಲ್ಯಾಬ್ ಅಂದರೆ ಒಂದು ದೊಡ್ಡ ಅಡಿಗೆಮನೆ

ಲ್ಯಾಬ್ ಅಂದ ಕೂಡಲೆ ಅಂಜಬೇಡಿರಿ. ಅಲ್ಲಿ ನಡೆಯುವ ಬಹಳ ಕೆಲಸ ನಿಮಗೆ ಗೊತ್ತಿರುವಂಥದ್ದೇ.

ಸಣ್ಣ ಲ್ಯಾಬ್‌ಗೂ ಎರಡು ಕೋಣೆ ಬೇಕು. ಒಂದು ಕೋಣೆಯಲ್ಲಿ ನೀರಿನಲ್ಲಿ ಕರಗಿದ ಉಪ್ಪು, ಫ್ಲೋರೈಡ್, ನೈಟ್ರೇಟ್ ಅಳೆಯುತ್ತಾರೆ. ಇನ್ನೊಂದು ಕೋಣೆಯಲ್ಲಿ ರೋಗಾಣು ಹುಡುಕುತ್ತಾರೆ. ಎರಡನ್ನೂ ಒಂದೇ ಕಡೆ ಮಾಡಿದರೆ ಒಂದರ ಹೊಲಸು ಇನ್ನೊಂದಕ್ಕೆ ತಾಗುತ್ತದೆ.

ಹಾಲಿಗೆ ಹೆಪ್ಪು ಹಾಕಿ ಬೆಚ್ಚಗೆ ಇಡುತ್ತೀರಿ. ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಯಾಕೆ? ಹೆಪ್ಪಿನಲ್ಲಿದ್ದ ಕಣ್ಣಿಗೆ ಕಾಣದ ಜೀವಿಗಳು ಬೆಚ್ಚಗಿನ ಜಾಗದಲ್ಲಿ ಬೆಳೆಯುತ್ತವೆ. ಲ್ಯಾಬ್‌ನಲ್ಲಿಯೂ ಹೀಗೆಯೇ. ನೀರಿಗೆ ರೋಗಾಣು ತಿನ್ನುವ ಆಹಾರ ಸೇರಿಸುತ್ತಾರೆ. ಸುಮಾರು 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದು ನಮ್ಮ ಮೈಯ ಬಿಸಿ. 24 ತಾಸು, ಕೆಲವೊಮ್ಮೆ 48 ತಾಸು ಕಾಯುತ್ತಾರೆ. ರೋಗಾಣು ಇದ್ದರೆ ಬೆಳೆದು ಕಾಣಿಸುತ್ತವೆ. ಈ ಪೆಟ್ಟಿಗೆಗೆ ಇನ್‌ಕ್ಯುಬೇಟರ್ ಅಂತ ಹೆಸರು.

ಕುಕ್ಕರ್ ನಿಮಗೆ ಗೊತ್ತು. ಲ್ಯಾಬ್‌ನಲ್ಲಿ ದೊಡ್ಡ ಕುಕ್ಕರ್ ಇರುತ್ತದೆ. ಅದರ ಹೆಸರು ಆಟೋಕ್ಲೇವ್. 121 ಡಿಗ್ರಿ ಬಿಸಿಯ ಹಬೆಯಲ್ಲಿ 15 ನಿಮಿಷ ಬಾಟಲಿಗಳನ್ನು ಇಡುತ್ತಾರೆ. ಒಂದು ರೋಗಾಣುವೂ ಉಳಿಯುವುದಿಲ್ಲ. ಕೆಲಸ ಮುಗಿದ ಮೇಲೆ, ಬೆಳೆಸಿದ ರೋಗಾಣುಗಳನ್ನೂ ಇದರಲ್ಲಿಯೇ ಹಾಕಿ ಕೊಂದು, ಆಮೇಲೆ ಚೆಲ್ಲುತ್ತಾರೆ. ಹಾಗೇ ಗಟಾರಿಗೆ ಬಿಡಬಾರದು.

ಗಡಸು ನೀರು ಅಳೆಯುವುದನ್ನು ನೋಡುವುದೇ ಒಂದು ಚಂದ. ನೀರಿಗೆ ಒಂದು ಬಣ್ಣದ ಔಷಧ ಹಾಕುತ್ತಾರೆ. ನೀರು ಕೆಂಪಾಗುತ್ತದೆ. ಮೇಲಿಂದ ಗಾಜಿನ ಕೊಳವೆಯಲ್ಲಿ ಇನ್ನೊಂದು ಔಷಧವನ್ನು ಹನಿ ಹನಿಯಾಗಿ ಬಿಡುತ್ತಾರೆ. ಒಂದು ಹನಿಗೆ ಕೆಂಪು ಹೋಗಿ ನೀರು ನೀಲಿಯಾಗುತ್ತದೆ. ಅಲ್ಲಿಯವರೆಗೆ ಎಷ್ಟು ಔಷಧ ಇಳಿಯಿತು ಅಂತ ಓದಿ ಲೆಕ್ಕ ಹಾಕುತ್ತಾರೆ. ಹೆಚ್ಚು ಇಳಿದರೆ ನೀರು ಹೆಚ್ಚು ಗಡಸು.

ಇವಲ್ಲದೆ ಭಟ್ಟಿ ಇಳಿಸಿದ ಶುದ್ಧ ನೀರು ಬೇಕು. ಸೂಕ್ಷ್ಮ ತೂಕದ ತಕ್ಕಡಿ ಬೇಕು. ಫ್ರಿಜ್ ಬೇಕು. ಬೆಂಕಿ ಆರಿಸುವ ಸಿಲಿಂಡರ್ ಬೇಕು. ಕಣ್ಣಿಗೆ ಆಮ್ಲ ಸಿಡಿದರೆ ತೊಳೆಯಲು ನೀರು ಬೇಕು. ಕಲಿತ ಕೈ ಬೇಕು. ಎಲ್ಲಕ್ಕೂ ಮೇಲೆ ಒಂದು ದಪ್ಪ ರಿಜಿಸ್ಟರ್ ಬೇಕು.

ಕಟ್ಟುವುದು ಸುಲಭ, ನಡೆಸುವುದು ಕಷ್ಟ

ಊರಿಗೆ ಹಿಟ್ಟಿನ ಗಿರಣಿ ಬಂತು ಅಂತ ಇಟ್ಟುಕೊಳ್ಳಿರಿ. ಮಶಿನ್ ತಂದರು, ಕಾಯಿ ಒಡೆದರು. ಆದರೆ ಕರೆಂಟ್ ಇಲ್ಲ. ಬೆಲ್ಟ್ ಹರಿದರೆ ತರುವವರಿಲ್ಲ. ಗಿರಣಿ ನಡೆಸುವವನು ವಾರಕ್ಕೊಮ್ಮೆ ಬರುತ್ತಾನೆ. ಆಗ ಹಿಟ್ಟು ಸಿಗುತ್ತದೇನು? ಇಲ್ಲ. ಲ್ಯಾಬ್ ಮಾತೂ ಅಷ್ಟೇ.

ರೋಗಾಣುವಿನ ಪೆಟ್ಟಿಗೆಗೆ ಎರಡು ದಿನ ಕರೆಂಟ್ ನಿಲ್ಲಬಾರದು. ನಡುವೆ ಹೋದರೆ ಆ ಪರೀಕ್ಷೆ ಕೆಟ್ಟಂತೆ. ಹೆಪ್ಪು ಹಾಕಿದ ಹಾಲು ತಣ್ಣಗೆ ಉಳಿದಂತೆ. ಆದ್ದರಿಂದ ಬ್ಯಾಟರಿಯ ಇನ್ವರ್ಟರ್ ಬೇಕು. ಲ್ಯಾಬ್‌ನ ಔಷಧಗಳಿಗೂ ತಾರೀಖು ಇರುತ್ತದೆ. ತಾರೀಖು ಮುಗಿದ ಔಷಧದಿಂದ ಬಂದ ಉತ್ತರ ನಂಬುವಂಥದ್ದಲ್ಲ. ಗಾಜು ಒಡೆಯುತ್ತದೆ, ಮೀಟರು ಕೆಡುತ್ತದೆ. ಪ್ರತಿ ವರ್ಷ ಇದಕ್ಕೆ ಹಣ ತೆಗೆದಿಡಬೇಕು.

ಲ್ಯಾಬ್‌ನ ಉತ್ತರ ಸರಿ ಅಂತ ಹೇಳುವವರು ಯಾರು? ಕಿರಾಣಿ ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಇರುತ್ತದೆ. ಹಾಗೆಯೇ ಲ್ಯಾಬ್‌ಗೂ ಒಂದು ಮಾನ್ಯತೆ ಇದೆ. ಅದನ್ನು ಕೊಡುವ ಮಂಡಳಿಗೆ ಎನ್‌ಎಬಿಎಲ್ ಅನ್ನುತ್ತಾರೆ. ಒಳ್ಳೆಯ ಲ್ಯಾಬ್‌ನವರು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಾರೆ. ಉತ್ತರ ಮೊದಲೇ ಗೊತ್ತಿರುವ ನೀರನ್ನು ಅಳೆದು ನೋಡುತ್ತಾರೆ. ಒಂದೇ ನೀರನ್ನು ಎರಡು ಸಲ ಅಳೆಯುತ್ತಾರೆ. ಎರಡೂ ಉತ್ತರ ಹೊಂದಬೇಕು. ಹೊಂದದಿದ್ದರೆ ಆ ದಿನದ ಕೆಲಸ ಮತ್ತೆ ಮೊದಲಿಂದ.

ಇಷ್ಟೆಲ್ಲ ಖರ್ಚು, ಇಷ್ಟೆಲ್ಲ ಜನ ಇದಕ್ಕೆ ಬೇಕು. ಅದಕ್ಕೇ ಊರಿಗೊಂದು ದೊಡ್ಡ ಲ್ಯಾಬ್ ಇಡಲು ಆಗುವುದಿಲ್ಲ. ಅದು ಜಿಲ್ಲೆಗೆ ಒಂದು ಇರುತ್ತದೆ. ಕೆಲವು ಕಡೆ ತಾಲ್ಲೂಕಿಗೂ ಇರುತ್ತದೆ. ನಮ್ಮ ಜಿಲ್ಲೆಯ ಲ್ಯಾಬ್ ಇರುವುದು ಬೀದರಿನಲ್ಲಿ. ಅದನ್ನು ನಡೆಸುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ.

ಈಗ ಯೋಚಿಸಿರಿ. ಲ್ಯಾಬ್ ಬೀದರಿನಲ್ಲಿ. ನೀರು ಮಂಠಾಳದಲ್ಲಿ. ನಡುವೆ ಒಂದು ಬಾಟಲಿ. ಆ ಬಾಟಲಿ ಸರಿಯಾಗಿ ಹೋಗದಿದ್ದರೆ ದೊಡ್ಡ ಮಶಿನ್ ಇದ್ದೂ ಏನು ಫಲ? ಪರೀಕ್ಷೆ ಶುರುವಾಗುವುದು ಬೀದರಿನಲ್ಲಿ ಅಲ್ಲ. ನಿಮ್ಮ ಬೋರಿನ ಕಟ್ಟೆಯ ಮೇಲೆ.

ಬಾಟಲಿ ತುಂಬುವ ರೀತಿ

ಉಪ್ಪಿನಕಾಯಿ ಭರಣಿಗೆ ಹಸಿ ಕೈ ಹಾಕುತ್ತೀರೇನು? ಹಾಕುವುದಿಲ್ಲ. ಬೂಸ್ಟು ಬರುತ್ತದೆ. ರೋಗಾಣು ಪರೀಕ್ಷೆಯ ಬಾಟಲಿಗೂ ಅಷ್ಟೇ ಮಡಿ ಬೇಕು.

ಎರಡು ತರಹದ ಬಾಟಲಿ ಇವೆ. ಮೊದಲನೆಯದು ರೋಗಾಣುವಿನ ಬಾಟಲಿ. ಇದನ್ನು ಲ್ಯಾಬ್‌ನವರೇ ಕುಕ್ಕರಿನಲ್ಲಿ ಬೇಯಿಸಿ ಕೊಡುತ್ತಾರೆ. ಅದರೊಳಗೆ ಸ್ವಲ್ಪ ಔಷಧ ಇರುತ್ತದೆ. ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲಿ ರೋಗಾಣುಗಳನ್ನು ಕೊಲ್ಲಬಾರದು ಅಂತ ಆ ಔಷಧ ಹಾಕಿರುತ್ತಾರೆ. ಆದ್ದರಿಂದ ಈ ಬಾಟಲಿಯನ್ನು ತೊಳೆಯಬಾರದು.

ಹೀಗೆ ಮಾಡಿರಿ:

1. ಕೈ ಸಾಬೂನಿನಿಂದ ತೊಳೆಯಿರಿ.
2. ನಳದ ಬಾಯಿ ಚೆನ್ನಾಗಿ ಒರೆಸಿರಿ.
3. ಎರಡು ಮೂರು ನಿಮಿಷ ನೀರು ಹರಿಯಲು ಬಿಡಿರಿ. ಕೈಪಂಪು ಇದ್ದರೆ ಕೆಲವು ನಿಮಿಷ ಹೊಡೆಯಿರಿ.
4. ಆಮೇಲೆ ಮುಚ್ಚಳ ತೆಗೆಯಿರಿ. ಮುಚ್ಚಳದ ಒಳಗೆ, ಬಾಟಲಿಯ ಬಾಯಿಗೆ ಬೆರಳು ತಾಗಬಾರದು. ಮುಚ್ಚಳ ನೆಲದ ಮೇಲೆ ಇಡಬಾರದು.
5. ಪೂರ್ತಿ ತುಂಬಬೇಡಿರಿ. ಮೇಲೆ ಸ್ವಲ್ಪ ಜಾಗ ಬಿಡಿರಿ. ಕೂಡಲೆ ಮುಚ್ಚಿರಿ.
6. ಬರ್ಫದ ಡಬ್ಬಿಯಲ್ಲಿ ಇಡಿರಿ.

ಹಾಲು ಬಿಸಿಲಿಗೆ ಕೆಡುತ್ತದೆ. ಬಾಟಲಿಯ ನೀರೂ ಬದಲಾಗುತ್ತದೆ. ಆದಷ್ಟು 6 ತಾಸಿನೊಳಗೆ ಅದು ಲ್ಯಾಬ್ ಮುಟ್ಟಬೇಕು. 24 ತಾಸು ಅಂತೂ ದಾಟಬಾರದು. ಮಂಠಾಳದಿಂದ ಬೀದರಿಗೆ ಹೋಗಬೇಕಾದರೆ ಬೆಳಿಗ್ಗೆಯೇ ತುಂಬಬೇಕು. ಶನಿವಾರ ಸಂಜೆ ತುಂಬಿ, ಸೋಮವಾರ ಕೊಟ್ಟರೆ ಉತ್ತರ ಸುಳ್ಳಾಗುತ್ತದೆ.

ಎರಡನೆಯದು ಫ್ಲೋರೈಡ್, ನೈಟ್ರೇಟ್, ಗಡಸುತನ ಅಳೆಯುವ ಬಾಟಲಿ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಡಬ್ಬಿ ಸಾಕು. ಎಣ್ಣೆಯ ಬಾಟಲಿ, ಔಷಧದ ಬಾಟಲಿ, ತಂಪು ಪಾನೀಯದ ಬಾಟಲಿ ಬೇಡ. ಈ ಡಬ್ಬಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ, ಆಮೇಲೆ ತುಂಬಿರಿ.

ಕಡೆಗೆ ಚೀಟಿ ಅಂಟಿಸಿರಿ. ಇದು ಎಲ್ಲಕ್ಕೂ ದೊಡ್ಡ ಕೆಲಸ. ಊರು ಯಾವುದು? ಓಣಿ ಯಾವುದು? ಬೋರು ಯಾವುದು, ನಂಬರ್ ಎಷ್ಟು? ತಾರೀಖು ಎಷ್ಟು, ವೇಳೆ ಎಷ್ಟು? ತುಂಬಿದವರು ಯಾರು? ಇದನ್ನು ಬರೆಯಲು ಅಕ್ಷರ ಬೇಕು. ಆ ಅಕ್ಷರ ಈಗ ನಿಮ್ಮ ಕೈಯಲ್ಲಿ ಇದೆ.

ನಾವು ಕಂಡ ಒಂದು ಊರು

ಊರಿನ ಹೆಸರು ಬೇಡ. ಆ ಊರಿನಲ್ಲಿ ಮಳೆಗಾಲ ಶುರುವಾದಾಗ ನೀರಿನ ಬಾಟಲಿ ಹೋಗಿತ್ತು. ಉತ್ತರವೂ ಬಂದಿತ್ತು. ಕಾಗದ ಒಂದು ಕಪಾಟಿನಲ್ಲಿ ಕುಳಿತಿತ್ತು. ಊರಿನವರಿಗೆ ಯಾರೂ ಹೇಳಲಿಲ್ಲ. ಮಕ್ಕಳಿಗೆ ಭೇದಿ ನಿಲ್ಲಲಿಲ್ಲ.

ಕಲಿಕಾ ಕೇಂದ್ರದ ಅಕ್ಕಂದಿರು ಒಟ್ಟಾಗಿ ಹೋಗಿ ಕೇಳಿದರು: "ನಮ್ಮ ನೀರಿನ ಕಾಗದ ಎಲ್ಲದ್ರಿ? ತೋರಿಸ್ರಿ." ಕಾಗದ ಹೊರಗೆ ಬಂತು. ಒಬ್ಬ ಅಕ್ಕ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು: "ಕುಡಿಯಲು ಯೋಗ್ಯವಲ್ಲ."

ಎಲ್ಲರೂ ಸುಮ್ಮನಾದರು. ಆ ಅಕ್ಕ ಮತ್ತೆ ಕಾಗದ ನೋಡಿದರು. ಆಮೇಲೆ ಕೇಳಿದರು: "ಇದು ಯಾವ ಬೋರಿಂದ್ರಿ?"

ಅದಕ್ಕೆ ಉತ್ತರ ಇರಲಿಲ್ಲ. ಕಾಗದದ ಮೇಲೆ ಊರಿನ ಹೆಸರು ಮಾತ್ರ ಇತ್ತು. ಬೋರಿನ ನಂಬರ್ ಇರಲಿಲ್ಲ. ಊರಿನಲ್ಲಿ ಬೋರು ನಾಲ್ಕು. ಕೆಟ್ಟದ್ದು ಯಾವುದು? ಮುಚ್ಚುವುದು ಯಾವುದು? ನಾಲ್ಕಕ್ಕೂ ಮತ್ತೆ ಬಾಟಲಿ ಕಳಿಸಬೇಕಾಯಿತು. ಈ ಸಲ ನಂಬರ್ ಬರೆದು ಕಳಿಸಿದವರು ಆ ಅಕ್ಕಂದಿರೇ. ಅಲ್ಲಿಯವರೆಗೆ ಮನೆ ಮನೆಯಲ್ಲಿ ನೀರು ಕುದಿಸಿದರು.

ನೋಡಿರಿ, ಆ ಊರಿನ ನೀರಿಗೆ ಲ್ಯಾಬ್ ಇತ್ತು, ಮಶಿನ್ ಇತ್ತು, ಪರೀಕ್ಷೆಯೂ ನಡೆದಿತ್ತು. ಆದರೂ ಮಕ್ಕಳು ಅದೇ ನೀರು ಕುಡಿದರು. ಬಾಟಲಿಯ ಮೇಲೆ ನಂಬರ್ ಇರಲಿಲ್ಲ. ಉತ್ತರ ಬೋರಿನ ತನಕ ಬರಲಿಲ್ಲ. ಉತ್ತರ ಊರಿಗೆ ಮರಳದಿದ್ದರೆ ಅದು ಪರೀಕ್ಷೆ ಆದಂತೆಯೇ ಅಲ್ಲ.

ಊರಿನಲ್ಲೇ ಆಗುವ ಪರೀಕ್ಷೆ

ಎಲ್ಲದಕ್ಕೂ ಬೀದರಿಗೆ ಓಡಬೇಕಿಲ್ಲ. ಕೆಲವು ಪರೀಕ್ಷೆ ಊರಿನಲ್ಲೇ ಆಗುತ್ತವೆ.

1982ರಲ್ಲಿ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಕೆ.ಎಸ್. ಮಂಜ ಮತ್ತು ಅವರ ಜೊತೆಗಾರರು ಒಂದು ಸುಲಭ ಪರೀಕ್ಷೆ ಪ್ರಕಟಿಸಿದರು. ಸಣ್ಣ ಬಾಟಲಿಯಲ್ಲಿ ಔಷಧ ಹಚ್ಚಿದ ಕಾಗದ ಇರುತ್ತದೆ. ಗೆರೆಯ ತನಕ ನೀರು ತುಂಬಿ ಮುಚ್ಚಬೇಕು. ಒಂದು ದಿನ, ಎರಡು ದಿನ ಬೆಚ್ಚಗೆ ಇಡಬೇಕು. ನೀರು ಕಪ್ಪಾದರೆ ಅದರಲ್ಲಿ ಮಲದ ಹೊಲಸು ಸೇರಿರುವ ಸಂಶಯ ಇದೆ. ಆ ನೀರು ಕುಡಿಯಬಾರದು. ಓದು ಬಾರದವರಿಗೂ ಕಪ್ಪು ಬಣ್ಣ ಕಾಣುತ್ತದೆ. ಈ ಬಾಟಲಿ ಇವತ್ತು ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ಒಂದು ಎಚ್ಚರ ಇರಲಿ. ಕಪ್ಪಾದ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಅದರಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಇಟ್ಟು, ಆಮೇಲೆ ಚೆಲ್ಲಬೇಕು.

ಇದಲ್ಲದೆ ಪರೀಕ್ಷೆಯ ಕಿಟ್ ಅಂತ ಒಂದು ಪೆಟ್ಟಿಗೆ ಇದೆ. ನೀರಿಗೆ ಹನಿ ಔಷಧ ಹಾಕಿ, ಬಂದ ಬಣ್ಣವನ್ನು ಬಣ್ಣದ ಪಟ್ಟಿಯ ಜೊತೆ ಹೋಲಿಸಬೇಕು. ಸೀರೆಗೆ ಕುಬಸದ ಬಣ್ಣ ಹೊಂದಿಸುವ ನಿಮಗೆ ಇದು ಕಷ್ಟ ಅಲ್ಲ. ಕಿಟ್ ಅಂದಾಜು ಹೇಳುತ್ತದೆ. ಅದರಲ್ಲಿ ಸಂಶಯ ಬಂದರೆ ಲ್ಯಾಬ್‌ಗೆ ಕಳಿಸಬೇಕು.

2019ರ ಆಗಸ್ಟ್ 15ರಂದು ದೇಶದಲ್ಲಿ ಜಲಜೀವನ ಮಿಷನ್ ಘೋಷಣೆ ಆಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ "ಮನೆ ಮನೆಗೆ ಗಂಗೆ" ಅಂತ ಹೆಸರಿಟ್ಟರು. ಈ ಯೋಜನೆಯಲ್ಲಿ ಒಂದು ಮಾತು ಬರೆದಿದೆ. ಪ್ರತಿ ಊರಿನಲ್ಲಿ ಐದು ಹೆಣ್ಣುಮಕ್ಕಳಿಗೆ ಕಿಟ್ ಬಳಸುವ ತರಬೇತಿ ಕೊಡಬೇಕು. ಊರಿನ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ನಮ್ಮ ಊರಿನ ಆ ಐದು ಜನ ಯಾರು? ಇಲ್ಲಿ ಕುಳಿತವರಲ್ಲಿ ಇದ್ದಾರೇನು? ಇಲ್ಲದಿದ್ದರೆ ಪಂಚಾಯತಿಯಲ್ಲಿ ಕೇಳಿರಿ.

ಕಾಗದ ಓದೋಣ

ಈಗ ಲ್ಯಾಬ್‌ನಿಂದ ಬಂದ ಕಾಗದ ಓದೋಣ. ಅದರಲ್ಲಿ ಎರಡು ಅಂಕಿ ಇರುತ್ತವೆ. ಒಂದು ನಮ್ಮ ನೀರಿನದು. ಇನ್ನೊಂದು ಮಿತಿ. ಈ ಮಿತಿಯನ್ನು ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪ್ರಕಟಿಸಿದೆ. ಕಾಗದದ ಮೇಲೆ "ಐಎಸ್ 10500" ಅಂತ ಇದ್ದರೆ ಅದು ಇದೇ.

ಅಳತೆಯನ್ನು ಲೀಟರಿಗೆ ಮಿಲಿಗ್ರಾಂ ಅಂತ ಬರೆಯುತ್ತಾರೆ. ಸಾವಿರ ಲೀಟರಿನ ಟಾಕಿಯಲ್ಲಿ ಒಂದು ಗ್ರಾಂ ಕರಗಿದರೆ ಅದು ಲೀಟರಿಗೆ ಒಂದು ಮಿಲಿಗ್ರಾಂ. ಅಂದರೆ ಇಡೀ ಟಾಕಿಗೆ ಒಂದು ಚಿಟಿಕೆ. ಅಷ್ಟು ಸಣ್ಣ ಅಳತೆ. ಅದಕ್ಕೇ ನಾಲಿಗೆಗೆ ಗೊತ್ತಾಗುವುದಿಲ್ಲ.

ಉದಾಹರಣೆಗೆ ಒಂದು ಕಾಗದ ಬರೆಯೋಣ:

ಫ್ಲೋರೈಡ್: ನಮ್ಮ ನೀರು 2.1, ಮಿತಿ 1.5
ನೈಟ್ರೇಟ್: ನಮ್ಮ ನೀರು 38, ಮಿತಿ 45
ಗಡಸುತನ: ನಮ್ಮ ನೀರು 420, ಮಿತಿ 600
ಇ-ಕೋಲಿ: ನಮ್ಮ ನೀರಿನಲ್ಲಿ ಇದೆ, ಇರಬಾರದು

ಒಂದೊಂದೇ ಸಾಲು ನೋಡೋಣ.

ಫ್ಲೋರೈಡ್ 1ರ ಒಳಗೆ ಇದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಾಗ 1.5ರ ತನಕ ನಡೆಯುತ್ತದೆ. ಇಲ್ಲಿ 2.1 ಇದೆ. ಚುಕ್ಕೆಯನ್ನು ಸರಿಯಾಗಿ ನೋಡಿರಿ. ಇದು 21 ಅಲ್ಲ, ಎರಡು ಪಾಯಿಂಟ್ ಒಂದು. 1.5ಕ್ಕಿಂತ ಹೆಚ್ಚು. ಈ ನೀರನ್ನು ಕುಡಿಯಲು, ಅಡಿಗೆಗೆ ಬಳಸಬಾರದು. ಅರಿವೆ ಒಗೆಯಲು ಅಡ್ಡಿ ಇಲ್ಲ.

ನೈಟ್ರೇಟ್ 38. ಇದು 45ಕ್ಕಿಂತ ಕಡಿಮೆ. ಸದ್ಯ ಚಿಂತೆ ಇಲ್ಲ. ಆದರೆ ಮಿತಿಯ ಹತ್ತಿರ ಇದೆ. ಬೋರಿನ ಹತ್ತಿರ ತಿಪ್ಪೆ ಇದೆಯೇನು ನೋಡಿರಿ. 45 ದಾಟಿದ ನೀರಿನಲ್ಲಿ ಹಸುಗೂಸಿಗೆ ಹಾಲು ಕಲಸಿ ಕೊಡಬಾರದು. ಮಗುವಿನ ಮೈ ನೀಲಿಗಟ್ಟಬಹುದು.

ಗಡಸುತನ 420. 200ರ ಒಳಗೆ ಇದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಾಗ 600ರ ತನಕ ನಡೆಯುತ್ತದೆ. ಬ್ಯಾಳಿ ತಡವಾಗಿ ಬೇಯುತ್ತದೆ, ಅಷ್ಟೇ.

ಇ-ಕೋಲಿ ಅಂದರೆ ಕರುಳಿನಲ್ಲಿ ಇರುವ ಒಂದು ಜೀವಿ. ಅದು ನೀರಿನಲ್ಲಿ ಸಿಕ್ಕರೆ ಮಲ ಸೇರಿದೆ ಅಂತಲೇ ಅರ್ಥ. 100 ಮಿಲಿಲೀಟರ್ ನೀರಿನಲ್ಲಿ, ಅಂದರೆ ಒಂದು ಸಣ್ಣ ಲೋಟ ನೀರಿನಲ್ಲಿ ಒಂದೂ ಇರಬಾರದು. ಇದಕ್ಕೆ ಹೆಚ್ಚು ಕಡಿಮೆ ಅನ್ನುವ ಮಾತೇ ಇಲ್ಲ.

ಒಂದು ಮಾತು ಗಟ್ಟಿಯಾಗಿ ನೆನಪಿಡಿರಿ. ಕುದಿಸಿದರೆ ರೋಗಾಣು ಸಾಯುತ್ತವೆ. ಕುದಿಸಿದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ. ವಿಷ ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ ಓದದೆ ಮದ್ದು ಮಾಡಬಾರದು.

ಉತ್ತರ ಬೋರಿನ ತನಕ ಬರಲಿ

ಬಾಂಗ್ಲಾದೇಶ ನಮ್ಮ ಹಾಗೆಯೇ ಬಡವರು, ರೈತರು ಇರುವ ದೇಶ. ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿಗಳಿವೆ. 1993ರಲ್ಲಿ ಅಲ್ಲಿನ ನೀರಿನಲ್ಲಿ ಆರ್ಸೆನಿಕ್ ಇರುವುದು ಗೊತ್ತಾಯಿತು. ಆಮೇಲೆ ಹತ್ತಿರ ಹತ್ತಿರ 50 ಲಕ್ಷ ಕೊಳವೆಬಾವಿಗಳನ್ನು ಕಿಟ್ ಹಿಡಿದು ಪರೀಕ್ಷೆ ಮಾಡಿದರು. ಹತ್ತರಲ್ಲಿ ಸುಮಾರು ಮೂರರಲ್ಲಿ ವಿಷ ಮಿತಿ ದಾಟಿತ್ತು.

ಆ ಉತ್ತರವನ್ನು ಅವರು ಕಪಾಟಿನಲ್ಲಿ ಇಡಲಿಲ್ಲ. ಪಂಪಿಗೇ ಬಣ್ಣ ಬಳಿದರು. ಒಳ್ಳೆಯ ನೀರಿಗೆ ಹಸಿರು. ಕೆಟ್ಟ ನೀರಿಗೆ ಕೆಂಪು. ಕೊಡ ಹಿಡಿದು ಬಂದ ಹೆಣ್ಣುಮಗಳಿಗೆ ಕಾಗದ ಬೇಕಿಲ್ಲ. ಪಂಪು ನೋಡಿದರೆ ಸಾಕು. ಕೆಂಪು ಪಂಪಿನ ಮನೆಯವರು ಹಸಿರು ಪಂಪು ಹುಡುಕಿಕೊಂಡು ಹೋದರು. ಎಲ್ಲರೂ ಹೋದರು ಅಂತಲ್ಲ. ಹತ್ತಿರ ಹಸಿರು ಪಂಪು ಇಲ್ಲದವರಿಗೆ ಕಷ್ಟವೇ ಆಯಿತು. ಆದರೂ ಬಹಳ ಜನ ದಾರಿ ಬದಲಿಸಿದರು.

ಇನ್ನೊಂದು ಹಳೆಯ ಸಂಗತಿ. 1854ರಲ್ಲಿ ಲಂಡನ್ ಪಟ್ಟಣದ ಒಂದು ಓಣಿಯಲ್ಲಿ ಕಾಲರಾ ಬಂತು. ಕೆಲವೇ ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಮನೆ ಮನೆಗೆ ಹೋಗಿ ಕೇಳಿದರು: "ನೀವು ಯಾವ ಪಂಪಿನ ನೀರು ಕುಡಿದಿರಿ?" ಸತ್ತವರಲ್ಲಿ ಬಹಳ ಜನ ಒಂದೇ ಪಂಪಿನ ನೀರು ಕುಡಿದವರು. ಆ ಪಂಪಿನ ಹಿಡಿಕೆ ತೆಗೆಸಿದರು. ಆಗ ಈಗಿನಂಥ ಲ್ಯಾಬ್ ಇರಲಿಲ್ಲ. ಮನೆ ಮನೆಗೆ ಕೇಳುವ ಪ್ರಶ್ನೆಯೇ ಪರೀಕ್ಷೆ ಆಯಿತು. ಈ ಪ್ರಶ್ನೆಯನ್ನು ನೀವು ನಾಳೆಯೇ ಕೇಳಬಹುದು. ಓಣಿಯಲ್ಲಿ ಮೂರು ಮನೆಯಲ್ಲಿ ಭೇದಿ ಆದರೆ, ಮೂರೂ ಮನೆಯ ನೀರು ಯಾವ ನಳದ್ದು ಅಂತ ಬರೆದಿಡಿರಿ. ಆಶಾ ಅಕ್ಕನಿಗೆ ಹೇಳಿರಿ.

ರಾಯಚೂರು ನಗರದಲ್ಲಿ 2022ರ ಬೇಸಿಗೆಯ ಕೊನೆಗೆ ನಳದ ಹೊಲಸು ನೀರು ಕುಡಿದು ಜನ ಸತ್ತರು. ನಳ ಬಂದ ಕೂಡಲೆ ನೀರು ಶುದ್ಧ ಆಗುವುದಿಲ್ಲ. ಪೈಪು ಗಟಾರಿನಲ್ಲಿ ಹಾದು, ಎಲ್ಲಿಯಾದರೂ ಒಡೆದಿದ್ದರೆ, ನೀರು ನಿಂತಾಗ ಹೊಲಸು ಒಳಗೆ ಸೇರುತ್ತದೆ. ನಳಕ್ಕೆ ಮೋಟಾರು ಹಚ್ಚಿ ಎಳೆದರೆ ಹೊಲಸನ್ನೂ ಎಳೆದಂತೆ.

ನಳದ ನೀರಿಗೆ ಒಂದು ಸಣ್ಣ ಪರೀಕ್ಷೆ ಇದೆ. ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ಅರ್ಧ ತಾಸಾದರೂ ಬಿಟ್ಟು ನೀರು ಬಿಡಬೇಕು. ಕೊನೆಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಕಿಟ್‌ನಲ್ಲಿ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಟಾಕಿಯ ಹತ್ತಿರದ ಮನೆಯಲ್ಲಿ ನೋಡಿದರೆ ಸಾಲದು. ಕೊನೆಯ ಮನೆಯಲ್ಲಿ ನೋಡಬೇಕು. ನಮ್ಮ ಊರುಗಳಲ್ಲಿ ಕೊನೆಯ ಮನೆ ಯಾರದು ಅಂತ ನಿಮಗೆ ಹೇಳಬೇಕಿಲ್ಲ.

ನಮ್ಮಿಂದ ಆಗುತ್ತದೇನು?

"ನಮ್ಮಂಥವರ ಮಾತು ಯಾರ್ ಕೇಳ್ತಾರ್ರಿ?" ಅಂತ ಕೇಳುತ್ತೀರಿ. ಅದಕ್ಕೆ ಒಂದು ಸಂಗತಿ ಹೇಳುತ್ತೇವೆ.

ನಾರುಹುಣ್ಣು ನೆನಪಿದೆಯೇನು? ಇಲ್ಲಿರುವ ಹಿರಿಯ ತಾಯಂದಿರು ಕೇಳಿರುತ್ತೀರಿ. ಕಾಲಿನಿಂದ ದಾರದಂಥ ಹುಳ ಹೊರಗೆ ಬರುತ್ತಿತ್ತು. ಮೆಟ್ಟಿಲು ಬಾವಿಗೆ ಕಾಲಿಟ್ಟು ಇಳಿದು ನೀರು ತುಂಬಿದಾಗ ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತಿತ್ತು. ಕರ್ನಾಟಕದಲ್ಲಿಯೂ ಈ ರೋಗ ಇತ್ತು. ಇದಕ್ಕೆ ಲಸಿಕೆ ಇರಲಿಲ್ಲ. ಗುಣಮಾಡುವ ಗುಳಿಗೆಯೂ ಇರಲಿಲ್ಲ. ನೀರು ಸೋಸಿ ಕುಡಿದರು. ಹುಣ್ಣು ಇದ್ದವರು ಬಾವಿಗೆ ಇಳಿಯದಂತೆ ನೋಡಿಕೊಂಡರು. ಬಾವಿಗೆ ಔಷಧ ಹಾಕಿದರು. ಬೋರು ಹಾಕಿಸಿದರು. ಮನೆ ಮನೆಗೆ ಹೋಗಿ ರೋಗಿಗಳನ್ನು ಬರೆದಿಟ್ಟರು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ನಾರುಹುಣ್ಣು ಇಲ್ಲ ಅಂತ ಸಾರಿತು. ಇಂಥ ದೊಡ್ಡ ರೋಗ ಹೋದದ್ದು ಅರಿವೆ, ಕೊಡ ಮತ್ತು ಬರೆದಿಟ್ಟ ಲೆಕ್ಕದಿಂದ. ಮನೆಯಲ್ಲಿ ಅರಿವೆ ಹಿಡಿದು ನೀರು ಸೋಸಿದವರು ಯಾರು? ನಿಮ್ಮಂಥ ತಾಯಂದಿರೇ.

ಹಾಗಾದರೆ ಈಗ ನಾವು ಏನು ಮಾಡೋಣ?

ಒಂದು ನೋಟಬುಕ್ ತೆಗೆದುಕೊಳ್ಳೋಣ. ಊರಿನ ಎಲ್ಲ ಬೋರು, ಬಾವಿ, ಕೈಪಂಪು, ಟಾಕಿಗೆ ನಂಬರ್ ಕೊಡೋಣ. ಒಂದೊಂದಕ್ಕೆ ಒಂದು ಹಾಳೆ. ಬಾಟಲಿ ಹೋದ ತಾರೀಖು ಬರೆಯೋಣ. ಉತ್ತರ ಬಂದ ತಾರೀಖು ಬರೆಯೋಣ. ಉತ್ತರ ಏನು ಅಂತ ಬರೆಯೋಣ. ರೋಗಾಣು ಪರೀಕ್ಷೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು. ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ವರ್ಷಕ್ಕೆ ಒಂದು ಸಲ. ಇದು ಯೋಜನೆಯಲ್ಲಿಯೇ ಇರುವ ಮಾತು. ಹಾಳೆ ಖಾಲಿ ಉಳಿದರೆ ಎಲ್ಲರಿಗೂ ಕಾಣುತ್ತದೆ.

ಉತ್ತರ ಬರದಿದ್ದರೆ ಪಂಚಾಯತಿಗೆ ಹೋಗಿ ಕೇಳೋಣ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ಆಗಲೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಒಂದು ಅರ್ಜಿ ಬರೆಯೋಣ. 30 ದಿನದೊಳಗೆ ಉತ್ತರ ಕೊಡಬೇಕು.

ಉತ್ತರ ಬಂದ ಮೇಲೆ ಬೋರಿಗೆ ಬಣ್ಣ ಬಳಿಸೋಣ. ಅಂಗನವಾಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸೋಣ. ಯಾವ ನಂಬರ್ ಬೋರು ಕುಡಿಯಲು, ಯಾವುದು ಬರೀ ಬಳಸಲು ಅಂತ ಎಲ್ಲರೂ ಓದಲಿ.

ಸಹಿ ಮಾಡುವುದನ್ನು ನೀವು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುವುದನ್ನು ಕಲಿತಿದ್ದೀರಿ. ಇನ್ನು ನೀರಿನ ಕಾಗದ ಓದುವುದನ್ನು ಕಲಿಯೋಣ. ಮುಂದಿನ ವಾರ ಬರುವಾಗ ನಿಮ್ಮ ಓಣಿಯ ಬೋರಿನ ನಂಬರ್ ಬರೆದುಕೊಂಡು ಬನ್ನಿರಿ. ಇಲ್ಲಿಯೇ ಕುಳಿತು ಮೊದಲ ಹಾಳೆ ಬರೆಯೋಣ.

 

ಮಾತಾಡಿರಿ, ಬರೆಯಿರಿ

1. ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದರ ಪರೀಕ್ಷೆ ಯಾವಾಗ ಆಗಿದೆ?
2. ಕುದಿಸಿದರೆ ಯಾವುದು ಹೋಗುತ್ತದೆ? ಯಾವುದು ಹೋಗುವುದಿಲ್ಲ?
3. ಫ್ಲೋರೈಡ್ ಮಿತಿ 1.5. ಒಂದು ಬೋರಿನಲ್ಲಿ 0.9 ಇದೆ. ಇನ್ನೊಂದರಲ್ಲಿ 1.8 ಇದೆ. ಯಾವ ಬೋರಿನ ನೀರು ಕುಡಿಯುತ್ತೀರಿ?
4. ಬಾಟಲಿಗೆ ಅಂಟಿಸುವ ಚೀಟಿಯನ್ನು ನಿಮ್ಮ ಕೈಯಿಂದಲೇ ಬರೆಯಿರಿ.